ಹನ್ನೆರಡು ಮೈಲಿಯಾಚೆ

ತಲಪಾಡಿ ಟೋಲು ದಾಟಿ ನೂರು ಮಾರು ಬಂದರೆ
ಎಡಕ್ಕೆ ಒಂದು ಮಡಚುವ ಮೇಜು, ಬಣ್ಣ ಹೋದ ಕೊಡೆ,
ಕ್ಲಿಪ್ಪಿಗೆ ಸಿಕ್ಕಿಸಿದ ಟಿಕೆಟು ಗಾಳಿಗೆ ಪಟಪಟ.
ಅದು ನನ್ನದು.
ಗೆರೆಯ ಆಚೆ ಮಾರಿದರೆ ಪೊಲೀಸು,
ಈಚೆ ಮಾರಿದರೆ ಸರಕಾರದ ಮುದ್ರೆ.
ಮಂಗಳೂರಿನ ಬಸ್ಸು ಇಲ್ಲಿಗೆ ಬಂದು ತಿರುಗುತ್ತದೆ;
ಇಳಿದವರಲ್ಲಿ ನಾಲ್ಕು ಜನ ನಡೆದು ಬರುತ್ತಾರೆ,
ಅದೃಷ್ಟ ಎಲ್ಲಿಂದ ಶುರು ಎಂದು ಗೊತ್ತಿದ್ದವರು.

ನನಗೆ ಇದು ಹೊಸತಲ್ಲ.
ಹನ್ನೊಂದು ವರ್ಷ ಹಡಗಿನಲ್ಲಿದ್ದೆ, ಏಳನೇ ಮಾಳಿಗೆ, ಕ್ಯಾಸಿನೋ.
ಬಂದರಿನಲ್ಲಿ ನಿಂತಾಗ ಅದಕ್ಕೆ ಬೀಗ.
ದಡದಿಂದ ಹನ್ನೆರಡು ಮೈಲಿ ಕಳೆದು
ಯಾವ ದೇಶದ್ದೂ ಅಲ್ಲದ ನೀರು ಬಂದ ಮೇಲೆಯೇ
ಶಟರು ಏಳುತ್ತಿತ್ತು.
ನೀರಿಗೆ ಗೆರೆ ಎಲ್ಲಿ ಉಂಟು?
ಆದರೂ ಬಾಗಿಲಲ್ಲಿ ಕಾದು ನಿಂತವರ
ಬೆರಳು ನೋಡಿದರೆ ಸಾಕು, ದಾಟಿದೆವು ಅಂತ ತಿಳಿಯುತ್ತಿತ್ತು.

ಕಿಟಕಿ ಇಲ್ಲ. ಗಡಿಯಾರ ಇಲ್ಲ. ನಮ್ಮ ಅಂಗಿಗೆ ಜೇಬಿಲ್ಲ.
ಇತ್ತು, ಹೊಲಿದು ಮುಚ್ಚಿದ್ದರು.
ಮೇಜು ಬಿಡುವಾಗ ಎರಡು ಕೈ ತಟ್ಟಿ
ಅಂಗೈ ಮೇಲೆ, ಅಂಗೈ ಕೆಳಗೆ,
ಚಾವಣಿಯ ಕ್ಯಾಮೆರಾಕ್ಕೆ ತೋರಿಸಬೇಕು:
ನೋಡು, ಏನೂ ಕದ್ದಿಲ್ಲ.
ಊರಿಗೆ ಬಂದು ಉಂಡು ಏಳುವಾಗಲೂ ಹಾಗೇ ಮಾಡುತ್ತಿದ್ದೆ.
ಯಮುನಾ ಮೊದಲ ಸಲ ನಕ್ಕಳು.
ಎರಡನೇ ರಜೆಯಲ್ಲಿ, ಅಮ್ಮನ ಎದುರೇ, ಕೇಳಿದಳು:
"ನಮ್ಮ ಮಾಡಿಗೂ ಕ್ಯಾಮೆರಾ ಉಂಟಾ?"

ಒಬ್ಬ ಮುದುಕಿ ಇದ್ದಳು, ನಾರ್ವೆಯೋ ಎಲ್ಲಿಯದೋ.
ಪ್ರತಿ ರಾತ್ರಿ ಹದಿನೇಳರ ಮೇಲೆ ಒಂದೇ ಬಿಲ್ಲೆ.
ನಿನ್ನ ಭಾಷೆಯಲ್ಲಿ ಹೇಳು, ಅನ್ನುವಳು.
ನಾನು ಚಕ್ರ ತಿರುಗಿಸಿ ಗುಂಡು ಬಿಡುತ್ತ ಮೆಲ್ಲಗೆ: ಹದಿನೇಳು.
ಅವಳು: ಅಡಿನೇಲು.
ಗುಂಡಿಗೆ ಎರಡೂ ಬರುತ್ತಿರಲಿಲ್ಲ.
ಹತ್ತೊಂಬತ್ತು ರಾತ್ರಿ ಹೀಗೆ. ಇಪ್ಪತ್ತನೆಯದು ಸಮುದ್ರ ಕೆಟ್ಟಿತ್ತು,
ಅವಳು ಕೋಣೆಯಲ್ಲಿ ವಾಂತಿ ಮಾಡಿಕೊಂಡು ಮಲಗಿದ್ದಳು.
ಆ ರಾತ್ರಿ ಹದಿನೇಳು ಮೂರು ಸಲ ಬಿತ್ತು.
ಬೆಳಿಗ್ಗೆ ಲಿಫ್ಟಿನ ಎದುರು ಸಿಕ್ಕಿ ಕೇಳಿದಳು, ಬಿತ್ತಾ?
ಇಲ್ಲ ಎಂದೆ.
ಆ ಸುಳ್ಳಿಗೆ ಯಾವ ಕ್ಯಾಮೆರಾವೂ ಇರಲಿಲ್ಲ.

ಇಲ್ಲಿ ಟಿಕೆಟಿನ ಅಕ್ಷರ ಮಲಯಾಳ.
ಉಳ್ಳಾಲದ ಹಮ್ಮಬ್ಬನಿಗೆ ಓದಲು ಬಾರದು,
ತೊಕ್ಕೊಟ್ಟಿನ ಪೇಂಟರು ಲಿಗೋರಿಗೆ ಬಾರದು,
ಕನ್ನಡ ಶಾಲೆಯಲ್ಲಿ ಕಲಿತ ನನಗೂ ಅರ್ಧಂಬರ್ಧ.
ಅಂಕಿ ಎಲ್ಲರಿಗೂ ಬರುತ್ತದೆ.
ಮೀನಿನ ಬುಟ್ಟಿ ಇಳಿಸಿ ದೇವಕಿಯಕ್ಕ
ಕಣ್ಣು ಮುಚ್ಚಿ ಒಂದನ್ನು ಎಳೆಯುತ್ತಾಳೆ,
ಪಕ್ಕದ ಟಿಕೆಟಿಗೆ ಬೂತಾಯಿಯ ಹುರುಪೆ ಅಂಟುತ್ತದೆ.
"ಬಂದರೆ ಯಮುನಕ್ಕನಿಗೆ ಒಂದು ಸೀರೆ ಮಾರಾಯ್ರೆ."
ಈ ಲೆಕ್ಕದಲ್ಲಿ ನಮ್ಮ ಮನೆಗೆ ಬರಬೇಕಾದ ಸೀರೆ
ಒಂದು ಜವಳಿ ಅಂಗಡಿಯಷ್ಟು.

ಹಡಗಿನಲ್ಲಿ ನಾವು ಆಡುವಂತಿರಲಿಲ್ಲ.
ಹನ್ನೊಂದು ವರ್ಷ ಚಕ್ರ ತಿರುಗಿಸಿದೆ, ಒಂದು ಬಿಲ್ಲೆ ಇಟ್ಟವನಲ್ಲ.
ನನ್ನ ಮಗ ಜೂಜು ಮುಟ್ಟಿದವನಲ್ಲ ಎಂದು
ಅಮ್ಮ ಸಾಯುವವರೆಗೆ ಹೇಳಿಕೊಂಡು ತಿರುಗಿದಳು.
ಈಗ ಎರಡೂಮುಕ್ಕಾಲಿಗೆ, ಕೊಡೆಯ ತೂತಿನಿಂದ
ಬಿಸಿಲು ಮೇಜಿಗೆ ಇಳಿಯುವ ಹೊತ್ತಿಗೆ,
ಮಾರದೆ ಉಳಿದದ್ದು ಹನ್ನೆರಡು, ಕೆಲವು ದಿನ ಮೂವತ್ತು.
ಹಿಂದೆ ಕೊಡುವ ಹಾಗಿಲ್ಲ. ಅವು ನನ್ನವು.
ಯಾರೂ ಎಳೆಯದೆ ಬಿಟ್ಟ ಅಂಕಿಗಳು,
ಹುರುಪೆ ಅಂಟಿದ್ದೂ ಸೇರಿ.
ಅಂಗಿಯ ಜೇಬಿಗೆ ತುರುಕುತ್ತೇನೆ; ಇದಕ್ಕೆ ಹೊಲಿಗೆ ಇಲ್ಲ.
ಮೂರಕ್ಕೆ ಮೊಬೈಲಿನಲ್ಲಿ ಚಕ್ರ ತಿರುಗುತ್ತದೆ.
ನಾನು ನೋಡುವುದಿಲ್ಲ ಎಂದು ಯಮುನಾಳಿಗೆ ಹೇಳಿದ್ದೇನೆ.
ನೋಡುತ್ತೇನೆ.
ಆಮೇಲೆ ಮೇಜು ಮಡಚಿ, ಎರಡು ಕೈ ತಟ್ಟಿ
ಅಂಗೈ ಮೇಲೆ, ಅಂಗೈ ಕೆಳಗೆ,
ಹೈವೇ ಕಂಬದ ಕಾಗೆಗೆ ತೋರಿಸುತ್ತೇನೆ.