ಹದಿನಾಲ್ಕು ಕುಳಿ

ಟೀವಿ ಬಂದ ದಿನ ಟೀವಿಗಿಂತ
ಅದರ ಡಬ್ಬವೇ ದೊಡ್ಡದಿತ್ತು.
ಇವರು ಮೊಳೆ ಹೊಡೆದು ಗೋಡೆಗೆ ತೂಗಿಸುವಷ್ಟರಲ್ಲಿ
ಇಂಚರ ರಟ್ಟಿನೊಳಗೆ ಹೊಕ್ಕಾಗಿತ್ತು.
ಮೊದಲು ಅದು ಬಸ್ಸು, ಆಮೇಲೆ ಆಸ್ಪತ್ರೆ,
ಸಂಜೆಗೆ ವಿಮಾನ. ಬೆಲ್ಟು ಕಟ್ಟದೆ
ನನ್ನನ್ನು ಹತ್ತಿಸಿಕೊಳ್ಳಲಿಲ್ಲ.
ಮೂರನೇ ದಿನ ನೀರು ಬಿದ್ದು ವಿಮಾನ ಮೆತ್ತಗಾಯಿತು.
ಆಗ ಅವಳು ಗೋಡೆಯ ಕಡೆ ತಿರುಗಿದಳು.

ಸೂರಿನಲ್ಲಿ ಜೂನ್ ಅಂದರೆ
ಪಾರ್ಕಿನ ಜಾರುಬಂಡೆ ದೋಸೆಕಲ್ಲು.
ಪರದೆ ಎಳೆದು, ಏಸಿ ಹಾಕಿ,
"ಕೂತ್ಕೋ ಮಗಾ, ನಂಗೆ ಕೆಲ್ಸ ಇತ್ತ್" ಅಂದವಳು ನಾನೇ.
ಡಾಕ್ಟರು ಹೇಳಿದ್ದು ದಿನಕ್ಕೊಂದು ಗಂಟೆ.
ನನ್ನ ಗಡಿಯಾರದ ಆ ಒಂದು ಗಂಟೆಯಲ್ಲಿ
ಸಾರು ಕುದಿದು, ಬಟ್ಟೆ ಮಡಚಿ,
ಬೈಂದೂರಿಗೊಂದು ಫೋನು ಮುಗಿದು
ಚೂರು ನಿದ್ದೆಯೂ ಹಿಡಿಸುತ್ತಿತ್ತು.

ಟೀವಿ ಕಲಿಸಿತು, ಇಲ್ಲವೆನ್ನಲಾರೆ.
ತ್ರಿಕೋನಕ್ಕೆ ಕಣ್ಣಿದೆ, ಕಾಲಿದೆ, ಅದಕ್ಕೆ ನಾಚಿಕೆ ಜಾಸ್ತಿ.
ಒಂದರಿಂದ ಇಪ್ಪತ್ತು ಇಂಗ್ಲಿಷಿನಲ್ಲಿ, ತಾಳ ತಪ್ಪದೆ.
ಆದರೆ ತಟ್ಟೆಗೆ ಐದು ಖರ್ಜೂರ ಹಾಕು ಅಂದರೆ
ಹಾಡು ಶುರುಮಾಡಿ
ಇಪ್ಪತ್ತು ಮುಗಿಯುವ ತನಕ ಹಾಕುತ್ತಿದ್ದಳು.
ಐದರಲ್ಲಿ ನಿಲ್ಲುವುದು
ಹಾಡಿನಲ್ಲಿರಲಿಲ್ಲ.

ಮತ್ತೆ ಅರಬ್ಬಿ.
ಹನ್ನೊಂದು ವರ್ಷದಲ್ಲಿ ನನಗೆ ಬಂದದ್ದು
ಎಷ್ಟು, ಸಾಕು, ನಾಳೆ.
ಅವಳಿಗೆ ಬಂದದ್ದು ಕಾರ್ಟೂನಿನ ಅರಬ್ಬಿ,
ರಾಜರೂ ರಾಕ್ಷಸರೂ ಆಡುವ,
ಬೀದಿಯಲ್ಲಿ ಯಾರೂ ಆಡದ ಗ್ರಂಥದ ಭಾಷೆ.
ಲಾಲಿಪಾಪು ಖಾಲಿ ಅಂದದ್ದಕ್ಕೆ
ಮೊಯ್ದುಕಾಕನೆದುರು ಕೈಯೆತ್ತಿ ಗುಡುಗಿದಳು:
"ತಬ್ಬನ್ ಲಕ!"
ಹಾಲಿಗೆ ಬಂದಿದ್ದ ಹೆಂಗಸು ನಕ್ಕು ನಕ್ಕು
ಮುರುಕು ಹಿಂದಿಯಲ್ಲಿ ಅರ್ಥ ಬಿಡಿಸಿದಳು,
ನಿನಗೆ ವಿನಾಶವಾಗಲಿ, ಎಂದು.
"ಆಗಲಿ ಮೋಳೇ," ಅಂದ ಮೊಯ್ದುಕಾಕ,
"ಸಂಜೆ ಹೊಸ ಮಾಲು ಬರುತ್ತೆ."

ಬುದ್ಧಿ ಬೆಳೆಸುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿದ್ದ
ಮಾತಾಡುವ ಕರಡಿಗೆ ಆರೇ ವಾಕ್ಯ.
ಸೆಲ್ಲು ತೀರಿದ ಮೇಲೆ ಅದು
ಬಾಯಿ ಮುಚ್ಚಲೇ ಇಲ್ಲ.
ಉಂಡ್ಯಾ? ಎಂತಕ್ಕೆ ಮರ್ಕುದು?
ಅದಕ್ಕೆ ಜ್ವರ ಬಂತು, ಮದುವೆಯಾಯಿತು,
ವೀಸಾ ಸಿಗದೆ ಎರಡು ದಿನ ಕುರ್ಚಿಯಡಿ ಕೂತಿತು.
ಒಂದು ಮಧ್ಯಾಹ್ನ ಅಡುಗೆಮನೆಯಿಂದ ಕೇಳಿಸಿತು,
ಕರಡಿಯನ್ನು ಟೀವಿಯೆದುರು ಕೂರಿಸಿ
"ಕೂತ್ಕೋ ಮಗಾ, ನಂಗೆ ಕೆಲ್ಸ ಇತ್ತ್."
ಸೌಟು ಕೈಯಲ್ಲೇ ಉಳಿಯಿತು.
ಧ್ವನಿ ಕೂಡ ನನ್ನದೇ.

ಅಕ್ಟೋಬರಿಗೆ ಗಾಳಿ ತಣ್ಣಗಾಯಿತು.
ಅಯ್ಜಾದ ದೀಪಸ್ತಂಭದ ಕೆಳಗೆ, ಒದ್ದೆ ಮರಳಿನಲ್ಲಿ
ಏಳೇಳರ ಎರಡು ಸಾಲು ಕುಳಿ ತೋಡಿದೆ.
ಆಸಾಡಿಯಲ್ಲಿ ಅತ್ತೆ ಅಟ್ಟದಿಂದ ಇಳಿಸುತ್ತಿದ್ದ
ಚೆನ್ನೆಮಣೆಯ ನೆನಪು ಬೆರಳಿಗೇ ಇತ್ತು.
ಮಂಜೊಟ್ಟಿ ಇಲ್ಲಿ ಎಲ್ಲಿಂದ ತರಲಿ?
ತಿಂಗಳಿಡೀ ತಿಂದ ಖರ್ಜೂರದ ಬೀಜ, ಐವತ್ತಾರು.

ಬಲೆ ಹೊತ್ತು ಹೋಗುತ್ತಿದ್ದ ಮುದುಕ ನಿಂತ.
ಕುಳಿ ಎಣಿಸಿದ. ತಲೆಯಾಡಿಸಿ ಕೂತು,
ಕೇಳದೆಯೇ ಇನ್ನೆರಡು ಸಾಲು ತೋಡತೊಡಗಿದ.
ನಾನು "ಸಾಕು" ಎಂಬ ಪದ ಹುಡುಕುವಷ್ಟರಲ್ಲಿ
ಇಂಚರ ಎದ್ದು ನಿಂತು, ಸೈನ್ಯಕ್ಕೆ ಅಂದಂತೆ, ಅಂದಳು:
"ಹಯ್ಯಾ ಬಿನಾ!"
ಖಲ್ಫಾನಜ್ಜ ಬಲೆ ಕೆಳಗಿಟ್ಟ.
ಎದೆಗೆ ಕೈಯಿಟ್ಟು, ಅದೇ ಗ್ರಂಥದ ಭಾಷೆಯಲ್ಲಿ,
ಅಷ್ಟೇ ಗಂಭೀರವಾಗಿ, ಉತ್ತರ ಕೊಟ್ಟ.

ಆಮೇಲಿನದು ಅವರಿಬ್ಬರ ಆಟ.
ಅವನ ನಿಯಮ ಬೇರೆ, ನನ್ನದು ಬೇರೆ,
ಅವಳದು ಎರಡೂ ಅಲ್ಲ.
ಕುಳಿಗೊಂದು ಬೀಜ, ಒಂದು, ಒಂದು,
ಕೈ ಬರಿದಾದಲ್ಲಿ
ನಿಂತಳು.
ಹಾಡಿಲ್ಲದೆ ನಿಂತಳು.
ಹೇಳಿಬಿಡಬೇಕೆನಿಸಿತು, ಹೇಳಲಿಲ್ಲ.
ಸೋತಾಗ ಮಾತ್ರ ಅಜ್ಜನಿಗೂ ವಿನಾಶ ಹಾರೈಸಿದಳು.
ಅವನ ನಗು ದೋಣಿಗಳ ತನಕ ಹೋಯಿತು.

ಹಿಂದಿರುಗುವಾಗ ಕೇಳಿದೆ,
ಏಳುತ್ತ ಅಜ್ಜ ಏನೋ ಹೇಳಿದರಲ್ಲ, ಎಂತದು?
"ನೀನ್ ಕಳ್ಳಾಟ ಆಡ್ದೆ ಅಂಬ್ರ್ ಅಮ್ಮಾ.
ಎರಡ್ ಬೀಜ ಮುಷ್ಟಿಯಾಗೇ ಇಟ್ಕಂಡಿದ್ಯಂಬ್ರ್."

ದೀಪದ ಕಂಬದ ಕೆಳಗೆ ಮುಷ್ಟಿ ಬಿಚ್ಚಿದೆ.
ಒಂದೇ ಇತ್ತು.