ಮುಳುಗೇತಿ

ಹನ್ನೊಂದು ವರ್ಷಾತು, ನವನಗರದ ಈ ಮೂಲ್ಯಾಗ
ಮಂದಿ ಡಿಗ್ರಿ ಗಾಜಿನ ಮ್ಯಾಲೆ ಬೋರಲು ಹಾಕಿ
ಪ್ರತಿ ತಗದು ಕೊಡತೇನಿ.
ಬಿ.ಎ., ಬಿ.ಕಾಂ., ಒಮ್ಮೆ ಒಬ್ಬಾಕಿದು ಪಿಎಚ್.ಡಿ.,
ಎಲ್ಲಾದಕ್ಕೂ ಅದ ಹಸರ ಬೆಳಕು, ಅದ ಎರಡು ರೂಪಾಯಿ.
ಬಂಗಾರದ ಮುದ್ರಿ ಕಪ್ಪಾಗಿ ಬರತೈತಿ,
ಯಾರೂ ತಕರಾರು ಮಾಡೂದಿಲ್ಲ.

ನಂದು ಬಿ.ಎ. ಎರಡನೇ ವರ್ಷಕ್ಕ ನಿಂತ ಗಾಡಿ.
ಕಾರಣ ದೊಡ್ಡದಲ್ಲ:
ಫೀ ತುಂಬೂ ದಿನಾನ ಒಬ್ಬಾಂವ
ಹಳೇ ಝರಾಕ್ಸ್ ಮಶಿನ್ ಮಾರಾಕ ಬಂದಿದ್ದ.

ಈಗ, ಮೂವತ್ತು ದಾಟಿದ ಮ್ಯಾಲೆ,
ಕನ್ಯಾ ನೋಡಾಕ ಹೊಂಟಾವಂಗ ದೇಶ ದೇಶ ಕೇಳಿದೆ,
ನಿಮ್ಮ ಹುಡುಗರಿಗೆ ಇಂಗ್ಲಿಷ್ ಕಲಿಸಲೇನು ಅಂತ.
ಕೊರಿಯಾ ಒಲ್ಲೆ ಅಂದಿತು. ಜಪಾನು ಉತ್ತರಾನ ಬರೀಲಿಲ್ಲ.
"ಡಿಗ್ರಿ ಇಲ್ಲಂದ್ರ ಹೆಣ್ಣ ಕೊಡೂದಿಲ್ಲ,
ದೇಶ ಕೊಡತಾರನು?" ಆಟೋದಾಗ ಕುಂತ ನಕ್ಕ ರಾಜೇಸಾಬ.
ಕಾಂಬೋಡಿಯಾದ ಒಂದು ಸಣ್ಣ ಸಾಲಿ ಮಾತ್ರ
ನೂರಾ ಇಪ್ಪತ್ತು ತಾಸಿನ ಸರ್ಟಿಫಿಕೇಟ್ ತಾ, ನೋಡೂಣು ಅಂದಿತು.
ಕೋರ್ಸಿನ ಫೀ ಹದಿನೆಂಟು ಸಾವಿರ.
ಅಂದ್ರ ಒಂಬತ್ತು ಸಾವಿರ ಪ್ರತಿ.

ರಾತ್ರಿ ಶಟರ್ ಅರ್ಧ ಇಳಿಸಿ
ಮಶಿನ್ನಿನ ಕರೀ ಗಾಜಿನಾಗ ಬಾಯಿ ನೋಡಿಕೊಂತ ಕಲಿತೆ:
ತುಟಿ ಕಚ್ಚಿದ್ರ ವೈನ್ ಅಂದ್ರ ಬಳ್ಳಿ,
ತುಟಿ ಗುಂಡ ಮಾಡಿದ್ರ ವೈನ್ ಅಂದ್ರ ದಾರು.
ಮೂವತ್ತು ವರ್ಷ ಎರಡನ್ನೂ ಒಂದ ಗ್ಲಾಸಿನಾಗ ಕುಡದಿದ್ದೆ.

ಕಡೀಗೆ ಆರು ತಾಸು
ಖರೇ ಮಂದಿಗೆ ಕಲಿಸಿ ತೋರಸಬೇಕಂತ.
ಖರೇ ಮಂದಿ ಬಂದ್ರು:
ಖಾನಾವಳಿ ಸಾಂವಕ್ಕ, ಕೈಯಾಗ ಜ್ವಾಳದ ಹಿಟ್ಟು ಹಂಗ ಇತ್ತು,
ರಾಜೇಸಾಬ, ಸಿಮೆಂಟ್ ಚೀಲ ಹೊರೂ ದ್ಯಾಮಣ್ಣ,
ನೋಟರಿ ವಕೀಲರ ಹಂತ್ಯಾಕ ಟೈಪ್ ಮಾಡೂ ತಾರಾಬಾಯಿ,
ಮತ್ತ ಆಕಿ ಜೋಡಿ ಬಂದ, ಕಡೀತನಕ ಹೆಸರು ಹೇಳದ ಒಬ್ಬ ಹುಡುಗ.
ಕಾಗದದ ಬಂಡಲ್ ಮ್ಯಾಲೆ ಕುಂತ್ರು.
ಟೋನರ್ ಡಬ್ಬಿಗೆ ಆನಿಸಿಟ್ಟ ಮೊಬೈಲಿನಾಗಿಂದ
ಪರೀಕ್ಷಕಿ ನೋಡತಿದ್ಲು.

ಪಾಠ: ಪ್ರೆಸೆಂಟ್ ಪರ್ಫೆಕ್ಟ್.
ಬೋರ್ಡಿನ ಮ್ಯಾಲೆ ಗೆರಿ ಎಳದೆ, ಬಾಣ ಹಾಕಿದೆ.
ಹಿಂದ ಆದದ್ದು, ಇವತ್ತಿಗೂ ತಾಕೂದು, ಅಂದೆ.
ಹದಿನೈದು ನಿಮಿಷ ಬೆವತೆ.
ಯಾರಿಗೂ ತಿಳೀಲಿಲ್ಲ. ಸುಳ್ಳ್ಯಾಕ, ನನಗೂ.

ಆವಾಗ ಸಾಂವಕ್ಕ,
"ಅಲ್ಲೋ ಹುಚ್ಚೇಶ,
ಕಿಲ್ಲಾದಾಗಿನ ನಮ್ಮ ಮನಿ ಮುಳುಗಿತು ಅಂತೀವನು?
ಮುಳುಗೇತಿ ಅಂತೀವಿ.
ಮುಳುಗಿತು ಅಂದ್ರ ಮುಗೀತು.
ಮುಳುಗೇತಿ ಅಂದ್ರ, ಐತಿ.
ಬ್ಯಾಸಗ್ಯಾಗ ನೀರು ಸರದ್ರ ಗ್ವಾಡಿ ಕಾಣತಾವು,
ನಾ ಹೋಗಿ ಒಲಿ ಇದ್ದ ಜಾಗಾ ನೋಡಿ ಬರತೇನಿ.
ಇದನ್ನ ಏನು ನೀ ಹೇಳಾಕ ಒದ್ದಾಡೂದು?"

ಮಶಿನ್ನಿನ ಫ್ಯಾನು ಒಂದ ಸದ್ದು ಮಾಡತಿತ್ತು.

ಕಾಲೇಜಿನಾಗ ನಾನು ಹೋಗೇತಿ, ಬಂದೇತಿ ಅಂದ್ರ
ಹಿಂದಿನ ಬೆಂಚಿನತನಕ ನಗತಿದ್ರು.
ಶುದ್ಧ ಮಾತಾಡು ಅಂದಿದ್ರು ಮೇಷ್ಟ್ರು.
ಆ ಏತಿಯೊಳಗ
ಇಂಗ್ಲಿಷಿನ ಹ್ಯಾಸ್ ಇಷ್ಟು ದಿನ
ಅರಿವಿ ಸುತ್ತಿದ ರೊಟ್ಟಿ ಹಂಗ ಬೆಚ್ಚಗ ಕುಂತಿತ್ತು.

ಆಮ್ಯಾಲೆ ಸಾಲು ಹಚ್ಚಿದ್ರು.
ಬಸ್ಸು ಹೋಗೇತಿ: ಬಸ್ ಹ್ಯಾಸ್ ಗಾನ್.
ಕರೆಂಟು ಬಂದೇತಿ: ಕರೆಂಟ್ ಹ್ಯಾಸ್ ಕಮ್.
ದ್ಯಾಮಣ್ಣ ಎದ್ದ ನಿಂತು ಎರಡು ಸಲ ಅಂದ:
ಮೈ ಪಗಾರ್ ಹ್ಯಾಸ್ ನಾಟ್ ಕಮ್.
ಮೊಬೈಲಿನಾಗಿಂದ ಪರೀಕ್ಷಕಿ ಕೇಳಿದ್ಲು,
ಪಗಾರ್ ಅಂದ್ರೇನು?
ಎಲ್ಲಾರೂ ಒಂದ ಸಲ ವಿವರಿಸಾಕ ಹತ್ತಿದ್ರು.

ಸರ್ಟಿಫಿಕೇಟು ಬಂತು. ನನ್ನ ಮಶಿನ್ನಿಗೇ ಹಾಕಿದೆ.
ಎರಡು ಪ್ರತಿ. ನಾಕು ರೂಪಾಯಿ ಗಲ್ಲಾಕ್ಕ ಒಗದೆ.
ಡ್ರಮ್ ಸವದು ಹೆಸರಿನ ಮ್ಯಾಲೆ ಒಂದು ಕರೀ ಗೆರಿ ಬಂದಿತ್ತು;
ಗಿರಾಕಿ ಆಗಿದ್ರ ಜಗಳಾಡತಿದ್ದೆ.

"ಹೊಂಟಿಯೇನು?" ಅಂತ ಕೇಳಿದ್ಲು ಸಾಂವಕ್ಕ.
ವೀಸಾ ಬಂದಿಲ್ಲ ಅಂದೆ.
"ಇಂಗ್ಲಿಷಿನಾಗ ಹೇಳು."
ಹೇಳಿದೆ.
"ಹಾಂ," ಅಂದ್ಲು, "ಅದು ಬರೂದ್ರಾಗ
ಎರಡು ತಿಂಗಳ ಊಟದ ಬಾಕಿ ಕೊಟ್ಟಿರು."