ಗೀರು

ಚೆನ್ನಿಮಲೆಯ ಗಿರವಿ ಅಂಗಡಿಯಲ್ಲಿ
ಒರೆ ಹಚ್ಚುವ ಕೆಲಸ ನನ್ನದು.
ಮುತ್ತಜ್ಜನ ಕಾಲಕ್ಕೆ ಚಿನಿವಾರರು ಎನ್ನುತ್ತಿದ್ದರು,
ಈಗ ಮಾಲೀಕ ಅಪ್ರೈಸರ್ ಎಂದು ಕಾರ್ಡು ಮಾಡಿಸಿದ್ದಾನೆ.
ಕಲ್ಲು ಮಾತ್ರ ಅದೇ, ಅಂಗೈಯಗಲದ ಕಪ್ಪು,
ಮೂರು ತಲೆಮಾರಿನ ಎಣ್ಣೆ.

ಶುಕ್ರವಾರ ಮಗ್ಗ ನಿಲ್ಲಿಸಿ ಬಂದವಳು ಮರಗದಂ.
ರವಿಕೆಯ ತೋಳಿಗೆ ಹಾಸುಬಟ್ಟೆಯ ಕೆಂಪು ಎಳೆ ಅಂಟಿತ್ತು.
ತಮಿಳಿನಲ್ಲೇ ಶುರು ಮಾಡಿದಳು. ತಕ್ಕಡಿ ಅಲ್ಲಾಡಿದಾಗ
ಅಯ್ಯೋ ಶಿವನೇ ಅಂದದ್ದು ಕನ್ನಡದಲ್ಲಿ.
"ನೀವೂ ನಮ್ಮೋರಾ?" ಆಮೇಲೆ ಸ್ವರವೇ ಬೇರೆ.

"ಇದು ಹಿತ್ತಾಳೆ ಅಂತಾಳೆ ನನ್ನ ತಂಗಿ ಪವಳಂ.
ಹಿತ್ತಾಳೆ ಆದ್ರೆ ನೀನೇ ಇಟ್ಕೊ ಅಂತಾಳೆ,
ಚಿನ್ನ ಆದ್ರೆ ಇಬ್ಬರಿಗೂ ಅರ್ಧರ್ಧ ಅಂತಾಳೆ."

ಕರಿದಾರ ಬಿಚ್ಚಿ ಕೈಗಿಟ್ಟಳು. ಮೈಬಿಸಿ ಇನ್ನೂ ಆರಿರಲಿಲ್ಲ.
ಬೆಸುಗೆ ಹಾಕಿದ ಕೊಂಡಿ ಈಚಿನದು, ಒಡ್ಡು ಕೆಲಸ.
ಕಾಸು ನಮ್ಮದಲ್ಲ.
ಒಂದು ಮಗ್ಗುಲಿಗೆ ಎಲೆಯ ಕಿರೀಟದ ಗಂಡಸು,
ಹಣೆಯಿಂದಲೇ ನೇರ ಇಳಿದ ಮೂಗು;
ಸುತ್ತ ಅಕ್ಷರ, ಒಂದಕ್ಕೊಂದು ಒತ್ತಿ ನಿಂತ ಕಡ್ಡಿಗಳು.
ಇನ್ನೊಂದಕ್ಕೆ ಪೀಠದಲ್ಲಿ ಕೂತ ಹೆಂಗಸು,
ಒಂದು ಕೈಗೆ ಕೋಲು, ಒಂದು ಕೈಗೆ ಟೊಂಗೆ. ಮುಖವಿಲ್ಲ.

"ಅದು ನಮ್ಮ ಸೌಡಮ್ಮ. ಒಳಮಗ್ಗುಲಿಗೇ ಹಾಕೋದು.
ಅವ್ವ, ಅವ್ವನವ್ವ, ಎಲ್ಲರ ಎದೆಗೂ ಒರಗಿ ಒರಗಿ ಸವೆದಳು.
ಆ ಗಂಡು ಯಾರೋ, ಬಾಗಿಲು ಕಾಯೋನು."

ನೊಯ್ಯಲ್ ದಡದ ಕೊಡುಮಣಲಿನಲ್ಲಿ ಅಗೆಯಲು ಬಂದವರಲ್ಲಿ
ಒಬ್ಬ ಹುಡುಗ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ.
ಅವನು ಹೇಳಿದ್ದು ಇಷ್ಟು ನೆನಪು:
ರೋಮಿನವರು ಮೊದಲು ಕಂಚಿನ ಗಟ್ಟಿ ತೂಗಿ ಕೊಡುತ್ತಿದ್ದರು.
ಆಮೇಲೆ ಎರಡು ಮುಖದ ದೇವರು, ಹಿಂದೆ ಹಡಗಿನ ಮೂತಿ.
ಬದುಕಿರುವವನ ಮೋರೆ ಕಾಸಿಗೆ ಬರಬಾರದು ಅಂತಿತ್ತು.
ಒಬ್ಬನದು ಬಂತು. ಮೂರು ತಿಂಗಳು ಕಳೆಯಲಿಲ್ಲ, ಇರಿದು ಕೊಂದರು.
ಇರಿದವನೂ ಮುದ್ರೆ ಹಾಕಿಸಿದ: ತನ್ನ ಮೋರೆ,
ಬೆನ್ನಿಗೆ ಜೋಡಿ ಕಠಾರಿ.
ಆಮೇಲೆ ಯಾರೂ ನಾಚಲಿಲ್ಲ.
ಬೆಳ್ಳಿಯ ಕಾಸಿನ ತಲೆಗಳಿಗೆ ಸೂರ್ಯನ ಕಿರಣ ಮೂಡಿದವು,
ಕಿರಣ ಮೂಡಿದ ಮೇಲೆ ಬೆಳ್ಳಿ ಇಳಿಯುತ್ತ ಹೋಗಿ
ಕೊನೆಗೆ ತಾಮ್ರದ ಮೇಲೆ ಹಾಲಿನ ಕೆನೆಯಷ್ಟು.
ಹುಡುಗ ನಗುತ್ತಿದ್ದ. ಮೆಣಸಿಗೂ ಪಡಿಯೂರಿನ ಹಸಿರು ಕಲ್ಲಿಗೂ
ಚಿನ್ನವನ್ನೇ ತಂದರು ಅಣ್ಣ, ಇಲ್ಲಿಯವರು ನಂಬಬೇಕಲ್ಲ!

ನಂಬಲಿಲ್ಲವೆಂದು ಬಲ್ಲೆ.
ಗಂಡಸಿನ ಕೆನ್ನೆಯಿಂದ ಕತ್ತಿನ ತನಕ ಒಂದು ಉಳಿಯ ಏಟು,
ಆಳವಿಲ್ಲ, ಒಳಗಿನ ಬಣ್ಣ ಕಾಣುವಷ್ಟು.
ಯಾಕೆ ಹೊಡೆದರೋ, ಹುಡುಗನ ಮೇಷ್ಟರುಗಳಲ್ಲಿ ಹತ್ತು ವಾದ.
ನನ್ನದು ಒಂದೇ. ಆ ಕೈ ನನಗೆ ಗೊತ್ತು.
ಕೊಟ್ಟವನ ಮುಖ ನೋಡದೆ
ಕಾಸಿನ ಮುಖವನ್ನೂ ನಂಬದೆ
ಕೂತಲ್ಲೇ ಚಕ್ರವರ್ತಿಯ ಗಲ್ಲ ಸೀಳಿ
ಹೂಂ, ಸರಿ ಎಂದವನು.
ಅವನಿಗೂ ಸಂಜೆ ಬೆನ್ನು ನೋಯುತ್ತಿದ್ದಿರಬೇಕು.

ಅಂಚನ್ನು ಕಲ್ಲಿಗೆ ಒಂದೇ ಸಲ ಎಳೆದೆ.
ಆಸಿಡ್ಡಿನ ಹನಿ ಬಿದ್ದ ಮೇಲೂ ಗೀರು ಕದಲಲಿಲ್ಲ.
ಬೆಳಗಿನ ಗೀರುಗಳ ಪಕ್ಕ (ಮೂಗುತಿ, ಹರಿದ ಸರ, ಯಾರದೋ ಹಲ್ಲು)
ಇದು ತುಸು ಹೆಚ್ಚು ಹಳದಿ.

ಹಿತ್ತಾಳೆ ಅಂದರೆ ಪೂರಾ ಇವಳದೇ.
ಮಾತು ನಾಲಗೆಯ ತುದಿಗೆ ಬಂದು ಕೂತಿತು,
ಎಂಜಲು ನುಂಗಿದೆ.
"ಚಿನ್ನ," ಅಂದೆ.

ಅವಳು ಆ ಗಾಯವನ್ನು ಉಗುರಲ್ಲಿ ತಡವಿದಳು,
ಪಾಲು ಮಾಡಲು ಯಾರೋ ಮೊದಲೇ ಹೊರಟು
ಮನಸ್ಸಾಗದೆ ಬಿಟ್ಟಂತೆ.
"ಗಂಡಸು ಪವಳಂಗೆ, ಸೌಡಮ್ಮ ನನಗೆ.
ಹೇಗೆ ಕತ್ತರಿಸ್ತಾಳೋ ನೋಡೇ ಬಿಡ್ತೀನಿ."
ನಕ್ಕಳು, ಕರಿದಾರಕ್ಕೆ ಮತ್ತೆ ಗಂಟು ಹಾಕಿದಳು.
"ಸುತ್ತ ಏನು ಬರ್ದದೆ?"

ಗೊತ್ತಿಲ್ಲ ಅಂದೆ.
ತೂಕದ ಚೀಟಿಯನ್ನು ಎಂದಿನಂತೆ ತಮಿಳಿನಲ್ಲಿ ಬರೆದೆ.
ಕನ್ನಡ ಬರೆಯಲು ಬರುತ್ತದೆ ನನಗೆ,
ಈ ಬೀದಿಯಲ್ಲಿ ಅದು ಚಲಾವಣೆಯಿಲ್ಲದ ನಾಣ್ಯ.
ಆದರೂ ಚೀಟಿಯ ಬೆನ್ನಿಗೆ
ಮರಗದಂ ಎಂದು ನಾಲ್ಕಕ್ಷರ ದುಂಡಗೆ ಬರೆದು ಕೊಟ್ಟೆ.
ಹಿಡಿದು ನೋಡಿದಳು, ತಿರುವಿ ನೋಡಿದಳು,
ಬೆಳಕಿಗೆ ಎತ್ತಿದಳು.
"ಇದರಲ್ಲಿ ಮೇಲು ಯಾವ ಕಡೆ?" ಎಂದು ಕೇಳಿದಳು.